ಮನೆಯ ಪೂಲ್ ಟೇಬಲ್‌ನ ಎತ್ತರ ಸರಿಪಡಿಸುವ ಕ್ರಮ: ಮೊದಲು ಎತ್ತರ, ಆಮೇಲೆ ಮಟ್ಟ

ಬೆಂಗಳೂರಿನ ಪಾರ್ಲರಿನಲ್ಲೋ ಕ್ಲಬ್ಬಿನಲ್ಲೋ ಬಳಸಿದ ಪೂಲ್ ಟೇಬಲನ್ನು ಬಿಚ್ಚಿ, ಲಾರಿಯಲ್ಲಿ ತುಮಕೂರಿಗೆ ತಂದು, ಮನೆಯ ಹಾಲಿನಲ್ಲಿ ಜೋಡಿಸಿದವರು ಹೊರಟುಹೋದ ಮೇಲೆ ಮನೆಯವರ ಬಾಯಲ್ಲಿ ಉಳಿಯುವ ದೂರು ಹೆಚ್ಚಾಗಿ ಎತ್ತರದ್ದೇ ಆಗಿರುತ್ತದೆ. ಅದನ್ನು ತಾವೇ ಸರಿಪಡಿಸಲು ಹೊರಟವರಲ್ಲಿ ಅನೇಕರು ಎಡವುವ ಜಾಗವೂ ಒಂದೇ. ಕಾಲಿನ ತಳದಲ್ಲಿರುವ ಲೆವೆಲಿಂಗ್ ಬೋಲ್ಟನ್ನು ತಿರುಗಿಸುತ್ತಾ ಟೇಬಲನ್ನೇ ಮೇಲೆತ್ತಲು ನೋಡುತ್ತಾರೆ. ಒಂದು ಮೂಲೆ ಏರಿದರೆ ಎದುರು ಮೂಲೆ ತಗ್ಗುತ್ತದೆ, ಅದನ್ನು ಏರಿಸಿದರೆ ಮತ್ತೊಂದು ಕೆಡುತ್ತದೆ, ಸಂಜೆಯ ಹೊತ್ತಿಗೆ ಬೋಲ್ಟುಗಳೆಲ್ಲ ಹೊರಗೆ ಬಂದು ಟೇಬಲ್ ಅಲುಗಾಡತೊಡಗುತ್ತದೆ. ಆ ಬೋಲ್ಟು ಇರುವುದು ಮಟ್ಟ ಹೊಂದಿಸಲಿಕ್ಕೆ. ಎತ್ತರವನ್ನು ಕಾಲಿನ ಕೆಳಗಿನ ಗಟ್ಟಿ ಆಸರೆಯಿಂದ ಪಡೆಯಬೇಕು, ಮಟ್ಟವನ್ನು ಬೋಲ್ಟಿನಿಂದ ಪಡೆಯಬೇಕು, ಮತ್ತು ಈ ಎರಡು ಕೆಲಸಗಳನ್ನು ಇದೇ ಕ್ರಮದಲ್ಲಿ ಮಾಡಬೇಕು. ಮುಂದಿನ ಹಂತಗಳೆಲ್ಲ ಈ ಕ್ರಮವನ್ನೇ ಅನುಸರಿಸುತ್ತವೆ.

ಇಲ್ಲಿನ ವಿವರಗಳು ಸ್ಲೇಟ್ ಕಲ್ಲಿನ ಹಾಸು ಇರುವ 7, 8 ಮತ್ತು 9 ಅಡಿಯ ಟೇಬಲ್‌ಗಳಿಗೆ ಅನ್ವಯಿಸುತ್ತವೆ. ಎಂ.ಡಿ.ಎಫ್. ಹಲಗೆಯ ಹಗುರ ಟೇಬಲ್‌ಗಳನ್ನು ಇಬ್ಬರು ಎತ್ತಿ ಹಿಡಿದರೆ ಸಾಕಾಗುವುದರಿಂದ ಅವುಗಳಿಗೆ ಜಾಕ್ ಬೇಕಿಲ್ಲ. ಉಳಿದ ಕ್ರಮ ಒಂದೇ.

ಹಂತ 1: ಎತ್ತರ ನಿಜಕ್ಕೂ ತಪ್ಪಿದೆಯೇ ಎಂದು ನೋಡುವುದು

ಪೂಲ್ ಟೇಬಲ್‌ನ ಎತ್ತರವೆಂದರೆ ನೆಲದಿಂದ ಆಟದ ಹಾಸಿನವರೆಗಿನ ಅಳತೆ, ಅಂದರೆ ಚೆಂಡು ಉರುಳುವ ಬಟ್ಟೆಯವರೆಗಿನ ಅಳತೆ. ವಿಶ್ವ ಪೂಲ್ ಸಂಸ್ಥೆಯ ನಿಯಮದಂತೆ ಇದು 29¼ ಇಂಚಿನಿಂದ 31 ಇಂಚಿನೊಳಗೆ, ಅಂದರೆ ಸುಮಾರು 74.3 ರಿಂದ 78.7 ಸೆಂಟಿಮೀಟರ್‌ನೊಳಗೆ ಇರಬೇಕು. ಸ್ನೂಕರ್‌ನ ಲೆಕ್ಕ ಬೇರೆ: ಅಲ್ಲಿ ನೆಲದಿಂದ ಕುಶನ್ ರೈಲಿನ, ಅಂದರೆ ಹಾಸಿನ ಸುತ್ತ ಚೆಂಡನ್ನು ತಡೆಯುವ ಅಂಚುಪಟ್ಟಿಯ, ಮೇಲ್ಭಾಗದವರೆಗೆ ಅಳೆಯುತ್ತಾರೆ, ಮತ್ತು ಅದು 33½ ರಿಂದ 34½ ಇಂಚು ಇರುತ್ತದೆ. ಯಾರೋ ಹೇಳಿದ 34 ಇಂಚೆಂಬ ಸಂಖ್ಯೆಯನ್ನು ಹಿಡಿದುಕೊಂಡು ಪೂಲ್ ಟೇಬಲ್‌ನ ಹಾಸನ್ನೇ ಅಷ್ಟು ಎತ್ತರಕ್ಕೆ ಏರಿಸಿದರೆ ಟೇಬಲ್ ಮೂರು ಇಂಚು ಹೆಚ್ಚಾಗಿ, ಕ್ಯೂ ಕೋಲು ಗಲ್ಲದ ಕೆಳಗೆ ಬರುವ ಬದಲು ಮುಖಕ್ಕೇ ಬರುತ್ತದೆ.

ಹಾಸಿನ ಎತ್ತರವನ್ನು ನೇರವಾಗಿ ಅಳೆಯಲು ರೈಲು ಅಡ್ಡ ಬರುವುದರಿಂದ ಎರಡು ಅಳತೆ ತೆಗೆದುಕೊಳ್ಳಬೇಕು. ಮೊದಲು ನೆಲದಿಂದ ರೈಲಿನ ಮೇಲ್ಭಾಗದವರೆಗೆ ಟೇಪು ಹಿಡಿಯಿರಿ. ಬಳಿಕ ಎದುರುಬದುರಿನ ಎರಡು ರೈಲುಗಳ ಮೇಲೆ ಒಂದು ನೇರವಾದ ಅಲ್ಯೂಮಿನಿಯಂ ಪಟ್ಟಿಯನ್ನು ಅಡ್ಡವಾಗಿಟ್ಟು, ಅದರ ಕೆಳ ಅಂಚಿನಿಂದ ಬಟ್ಟೆಯವರೆಗಿನ ಆಳವನ್ನು ಅಳೆಯಿರಿ. ಮೊದಲನೆಯದರಿಂದ ಎರಡನೆಯದನ್ನು ಕಳೆದರೆ ಹಾಸಿನ ಎತ್ತರ ಸಿಗುತ್ತದೆ: ರೈಲು 32½ ಇಂಚಿನಲ್ಲಿದ್ದು ಆಳ 1¾ ಇಂಚಿದ್ದರೆ ಹಾಸು 30¾ ಇಂಚಿನಲ್ಲಿದೆ. ನಾಲ್ಕು ಮೂಲೆಗಳಲ್ಲೂ ಹೀಗೆ ಅಳೆದು ಬರೆದಿಡಿ. ಕಾಲಿನ ಕೆಳಗೆ ಕಾರ್ಪೆಟ್ ಇದ್ದರೆ ಆಟಗಾರ ನಿಲ್ಲುವ ಜಾಗದಿಂದಲೇ ಅಳೆಯಬೇಕು, ಏಕೆಂದರೆ ಆಟದ ಎತ್ತರವೆನ್ನುವುದು ಆಟಗಾರನ ಪಾದದಿಂದ ಎಣಿಸುವ ಅಳತೆ.

ಈ ಪಾದದ ವಿಚಾರವನ್ನು ಇನ್ನೂ ಸ್ವಲ್ಪ ನೋಡಬೇಕು. ಕ್ಲಬ್ಬಿನಲ್ಲಿ ಎಲ್ಲರೂ ಶೂ ಹಾಕಿಕೊಂಡು ಆಡುತ್ತಾರೆ. ನಮ್ಮ ಮನೆಗಳಲ್ಲಿ ಚಪ್ಪಲಿ ಬಾಗಿಲಾಚೆ ಉಳಿಯುವುದರಿಂದ ಅದೇ ಟೇಬಲ್ ಮುಂದೆ ಬರಿಗಾಲಲ್ಲಿ ನಿಲ್ಲುತ್ತೇವೆ. ಶೂವಿನ ಅಟ್ಟೆ ಎರಡರಿಂದ ಮೂರು ಸೆಂಟಿಮೀಟರ್ ದಪ್ಪವಿದ್ದರೆ ಟೇಬಲ್ ಅಷ್ಟೇ ಏರಿದಂತೆ ತೋರುತ್ತದೆ. ಹೀಗಾಗಿ ಟೇಬಲ್ ಎತ್ತರವಾಯಿತು, ತಗ್ಗಿಸಬೇಕು ಎನ್ನುವವರು ಮೊದಲು ಒಳಗೆ ಮಾತ್ರ ಬಳಸುವ ಒಂದು ಜೊತೆ ಶೂ ಇಟ್ಟುಕೊಂಡು ಕೆಲವು ದಿನ ಆಡಿ ನೋಡುವುದು ಒಳ್ಳೆಯದು. ನನ್ನ ಅಭಿಪ್ರಾಯದಲ್ಲಿ ತಗ್ಗಿಸಬೇಕೆಂಬ ಬೇಡಿಕೆಗಳಲ್ಲಿ ಬಹುಪಾಲು ಇಲ್ಲಿಗೇ ಮುಗಿಯಬೇಕು. ಮಕ್ಕಳು ಆಡುತ್ತಾರೆಂಬ ಕಾರಣಕ್ಕೂ ಟೇಬಲ್ ತಗ್ಗಿಸಬಾರದು. ಅವರಿಗೆ ಅಲುಗಾಡದ ಅಗಲವಾದ ಮರದ ಮೆಟ್ಟಿಲು ಮಾಡಿಸಿಕೊಟ್ಟರೆ ಸಾಕು, ಮಕ್ಕಳು ಬೆಳೆಯುತ್ತಾರೆ.

ಚೆಂಡು ಕುಶನ್‌ಗೆ ಬಡಿದಾಗ ಹಾರುತ್ತದೆ ಅಥವಾ ಸತ್ತಂತೆ ಹಿಂದಿರುಗುತ್ತದೆ ಎಂಬ ದೂರಿಗೂ ಕಾಲಿನ ಎತ್ತರಕ್ಕೂ ಸಂಬಂಧವಿಲ್ಲ. ಅದು ಕುಶನ್ನಿನ ಮೂಗಿನ, ಅಂದರೆ ಚೆಂಡು ತಾಗುವ ಮುಂಚಾಚಿದ ಅಂಚಿನ, ಎತ್ತರದ ಪ್ರಶ್ನೆ. 57.15 ಮಿ.ಮೀ. ವ್ಯಾಸದ ಚೆಂಡಿಗೆ ಆ ಮೂಗು ಹಾಸಿನಿಂದ ಸುಮಾರು 36 ಮಿ.ಮೀ. ಎತ್ತರದಲ್ಲಿರಬೇಕು. ಟೇಬಲನ್ನು ಎಷ್ಟು ಏರಿಸಿದರೂ ಈ ಅಳತೆ ಬದಲಾಗುವುದಿಲ್ಲ. ಅದಕ್ಕೆ ರೈಲು ಬಿಚ್ಚಬೇಕು.

ಹಂತ 2: ನೆಲ ಮತ್ತು ಛಾವಣಿಯನ್ನು ಪರೀಕ್ಷಿಸುವುದು

ಎಂಟು ಅಡಿಯ ಸ್ಲೇಟ್ ಟೇಬಲ್ ಸಾಮಾನ್ಯವಾಗಿ 300 ರಿಂದ 450 ಕಿಲೋ ತೂಗುತ್ತದೆ. ನಾಲ್ಕು ಕಾಲಿದ್ದರೆ ಒಂದೊಂದು ಕಾಲಿನ ಮೇಲೆ ಸುಮಾರು ಒಂದು ಕ್ವಿಂಟಾಲ್ ಭಾರ ಬೀಳುತ್ತದೆ, ಅದರ ಮೇಲೆ ಒರಗಿ ಆಡುವವರ ತೂಕ ಬೇರೆ. ಈ ಭಾರವು ಅಂಗೈಯಗಲದ ಜಾಗದಲ್ಲಿ ಇಳಿಯುವುದರಿಂದ ಕಾಲಿನ ಕೆಳಗಿನ ನೆಲವನ್ನು ಪರೀಕ್ಷಿಸದೆ ಮುಂದುವರಿಯಬಾರದು.

ವಿಟ್ರಿಫೈಡ್ ಟೈಲ್ಸ್ ನೆಲವಾದರೆ ಪ್ರತಿ ಕಾಲಿನ ಸುತ್ತಲೂ, ಜಾಕ್ ಇಡಬೇಕಾದ ಜಾಗದಲ್ಲೂ ಒಂದು ನಾಣ್ಯದಿಂದ ತಟ್ಟಿ ನೋಡಿ. ಕೆಳಗೆ ಗಾರೆ ತುಂಬಿದ್ದರೆ ಶಬ್ದ ಗಡುಸಾಗಿ, ಮೊಟಕಾಗಿ ಬರುತ್ತದೆ. ಟೊಳ್ಳಿದ್ದರೆ ಡಬ್ಬ ಬಡಿದ ಹಾಗೆ ಕೇಳಿಸುತ್ತದೆ. ಟೊಳ್ಳು ಟೈಲ್ಸಿನ ಮೇಲೆ ಕಾಲು ಬಂದಿದ್ದರೆ ಆ ಟೈಲ್ಸನ್ನು ಎಬ್ಬಿಸಿ ಮತ್ತೆ ಹಾಕಿಸಬೇಕು, ಇಲ್ಲವೇ ಟೇಬಲನ್ನು ಒಂದಡಿ ಸರಿಸಬೇಕು. ಮೊಸಾಯಿಕ್, ರೆಡ್ ಆಕ್ಸೈಡ್, ಕಲ್ಲುಹಾಸಿನ ನೆಲಗಳು ಈ ವಿಷಯದಲ್ಲಿ ನಂಬಿಕಸ್ಥ.

ಮಹಡಿಯ ಮೇಲಿನ ಕೋಣೆಯ ವಿಷಯದಲ್ಲಿ ಇನ್ನಷ್ಟು ಎಚ್ಚರ ಬೇಕು. ವಾಸದ ಕೋಣೆಗಳಿಗೆ ಭಾರತೀಯ ಮಾನಕದಂತೆ ಚದರ ಮೀಟರಿಗೆ 2 ಕಿಲೋನ್ಯೂಟನ್, ಅಂದರೆ ಸುಮಾರು 200 ಕಿಲೋ ಬಳಕೆಯ ಭಾರವನ್ನು ಲೆಕ್ಕ ಹಿಡಿದು ಆರ್.ಸಿ.ಸಿ. ಛಾವಣಿ ಕಟ್ಟುತ್ತಾರೆ, ಸರಿಯಾಗಿ ಕಟ್ಟಿದ ಛಾವಣಿಗೆ ಒಂದು ಟೇಬಲ್ ಹೊರೆಯಾಗಲಾರದು. ಆದರೆ ತುಮಕೂರು, ಕೋಲಾರ, ಚಿಕ್ಕಬಳ್ಳಾಪುರದ ಹಳೆಯ ಮನೆಗಳಲ್ಲಿ ಕಲ್ಲು ಚಪ್ಪಡಿಯ ಮತ್ತು ಮದ್ರಾಸ್ ತಾರಸಿಯ (ಮರದ ತೊಲೆಗಳ ಮೇಲೆ ಇಟ್ಟಿಗೆ, ಗಾರೆ ಹಾಕಿದ) ಮಾಳಿಗೆಗಳು ಇನ್ನೂ ಇವೆ. ಚಪ್ಪಡಿ ಕಲ್ಲು ಬಾಗುವುದಿಲ್ಲ, ಸೂಚನೆ ಕೊಡದೆ ಮುರಿಯುತ್ತದೆ; ತಾರಸಿಯ ತೊಲೆಗಳಲ್ಲಿ ಗೆದ್ದಲು ಒಳಗೇ ತಿಂದಿರಬಹುದು. ಇಂಥ ಮಾಳಿಗೆಯ ಮೇಲೆ ಸ್ಲೇಟ್ ಟೇಬಲ್ ಈಗಾಗಲೇ ಇದ್ದರೆ, ಸಿವಿಲ್ ಎಂಜಿನಿಯರ್ ಒಬ್ಬರು ನೋಡಿ ಒಪ್ಪುವವರೆಗೆ ಎತ್ತರದ ಕೆಲಸವನ್ನು ಕೈಗೆತ್ತಿಕೊಳ್ಳಬೇಡಿ.

ಹಂತ 3: ನೆಲದ ವಾಟವನ್ನು ಅಳೆಯುವುದು

ನಮ್ಮ ಕಡೆ ಮನೆ ಕಟ್ಟುವಾಗ ನೆಲ ತೊಳೆದ ನೀರು ಬಾಗಿಲ ಕಡೆಗೆ ಹರಿಯಲೆಂದು ಗಾರೆಯವರು ಸ್ವಲ್ಪ ವಾಟ ಬಿಟ್ಟಿರುತ್ತಾರೆ. ಟೆರೇಸಿನ ಮೇಲೆ ಶೀಟು ಹಾಕಿ ಮಾಡಿಕೊಂಡ ಕೋಣೆಯಾದರೆ ವಾಟ ಇನ್ನೂ ಹೆಚ್ಚು, ಏಕೆಂದರೆ ಆ ನೆಲವನ್ನು ಮಳೆನೀರಿಗಾಗಿಯೇ ಇಳಿಜಾರಾಗಿ ಮಾಡಿರುತ್ತಾರೆ. ನೂರಕ್ಕೆ ಒಂದರ ಇಳಿಜಾರಿದ್ದರೂ 8 ಅಡಿ ಟೇಬಲ್‌ನ ಉದ್ದಕ್ಕೆ ಎರಡು ಸೆಂಟಿಮೀಟರಿಗೂ ಮೀರಿದ ವ್ಯತ್ಯಾಸ ಬರುತ್ತದೆ. ಟೇಬಲ್ ತಪ್ಪಿಲ್ಲದಿದ್ದರೂ ನೆಲವೇ ತಪ್ಪಿರಬಹುದು ಎಂಬುದನ್ನು ಮೊದಲೇ ತಿಳಿದುಕೊಂಡರೆ ಮುಂದಿನ ಅರ್ಧ ಗೊಂದಲ ಕಳೆಯುತ್ತದೆ.

ಇದಕ್ಕೆ ಗಾರೆಯವರು ಬಳಸುವ ಟ್ಯೂಬ್ ಲೆವೆಲ್ಲೇ ಸಾಕು. ಏಳೆಂಟು ಮೀಟರ್ ಉದ್ದದ ಪಾರದರ್ಶಕ ಪೈಪಿಗೆ ನೀರು ತುಂಬಿ, ಒಳಗೆ ಗಾಳಿಗುಳ್ಳೆ ಒಂದೂ ಉಳಿಯದಂತೆ ನೋಡಿಕೊಂಡು, ಒಂದು ತುದಿಯನ್ನು ಮೊದಲ ಕಾಲಿನ ಪಕ್ಕ ಹಿಡಿದು ಅಲ್ಲೇ ಇರಿಸಿ. ಇನ್ನೊಂದು ತುದಿಯನ್ನು ಉಳಿದ ಕಾಲುಗಳ ಪಕ್ಕಕ್ಕೆ ಒಂದೊಂದಾಗಿ ಒಯ್ದು, ನೀರು ನಿಂತ ಮೇಲೆ ಪ್ರತಿ ಕಾಲಿಗೂ ಆ ಮಟ್ಟದಲ್ಲಿ ಪೆನ್ಸಿಲ್ ಗುರುತು ಹಾಕಿ. ನೀರು ಸಂಪೂರ್ಣ ನಿಲ್ಲುವವರೆಗೆ ಕಾಯುವ ತಾಳ್ಮೆ ಇಲ್ಲದಿರುವುದೇ ಇಲ್ಲಿನ ಸಾಮಾನ್ಯ ತಪ್ಪು. ಇನ್ನೊಂದು ತಪ್ಪೆಂದರೆ, ಓದುವಾಗ ಒಂದು ತುದಿಯ ಬಾಯನ್ನು ಬೆರಳಿನಿಂದ ಮುಚ್ಚಿಕೊಂಡಿರುವುದು. ಎರಡೂ ತುದಿ ತೆರೆದಿರಬೇಕು.

ಗುರುತುಗಳಿಂದ ನೆಲದವರೆಗಿನ ದೂರವನ್ನು ಅಳೆಯಿರಿ. ದೂರ ಕಡಿಮೆ ಇರುವ ಕಡೆ ನೆಲ ಎತ್ತರವಾಗಿದೆ, ಹೆಚ್ಚಿರುವ ಕಡೆ ತಗ್ಗಾಗಿದೆ. ಒಂದು ಕೋಣೆಯಲ್ಲಿ ಒಳಗೋಡೆಯ ಬದಿಯ ಎರಡು ಕಾಲುಗಳಲ್ಲಿ 500 ಮತ್ತು 503 ಮಿ.ಮೀ., ಬಾಗಿಲ ಬದಿಯ ಎರಡರಲ್ಲಿ 509 ಮತ್ತು 511 ಮಿ.ಮೀ. ಬಂದಿತೆಂದುಕೊಳ್ಳಿ. 500 ಬಂದ ಕಾಲು ಅತಿ ಎತ್ತರದ ನೆಲದ ಮೇಲಿದೆ. ಅದನ್ನೇ ಆಧಾರವಾಗಿ ಇಟ್ಟುಕೊಂಡು ಉಳಿದವುಗಳಿಗೆ 3, 9 ಮತ್ತು 11 ಮಿ.ಮೀ. ತುಂಬಬೇಕು. ಎತ್ತರದ ಕಾಲನ್ನು ತಗ್ಗಿಸುವ ಯೋಚನೆಯನ್ನು ಯಾವತ್ತೂ ಮಾಡಬಾರದು, ಉಳಿದವುಗಳನ್ನು ಅದರ ಸಮಕ್ಕೆ ತರಬೇಕು.

ಈಗ ಬೇಕಾದ ಎತ್ತರವನ್ನು ಇದಕ್ಕೆ ಸೇರಿಸಿ. ಟೇಬಲ್ 20 ಮಿ.ಮೀ. ಏರಬೇಕಿದ್ದರೆ ನಾಲ್ಕು ಕಾಲುಗಳಿಗೂ 20 ಮಿ.ಮೀ. ದಪ್ಪದ ಒಂದೇ ಅಳತೆಯ ಮರದ ಆಸರೆ, ಅದರ ಕೆಳಗೆ ಕ್ರಮವಾಗಿ 0, 3, 9, 11 ಮಿ.ಮೀ. ಕಬ್ಬಿಣದ ತಗಡು. ಈಗಿನ ಬೋಲ್ಟುಗಳು ಬೇರೆ ಬೇರೆ ಪ್ರಮಾಣದಲ್ಲಿ ಹೊರಬಂದಿದ್ದರೆ ಎತ್ತುವಾಗ ಎಲ್ಲವನ್ನೂ ಒಂದೇ ಸಮಕ್ಕೆ ತಂದುಕೊಳ್ಳಬೇಕು, ಇಲ್ಲವಾದರೆ ಈ ಲೆಕ್ಕ ಕೂಡುವುದಿಲ್ಲ. ಕಾಗದದ ಮೇಲೆ ಈ ಪಟ್ಟಿ ಸಿದ್ಧವಾಗುವ ಮೊದಲು ಜಾಕ್ ಮುಟ್ಟಬೇಡಿ.

ಹಂತ 4: ಸಲಕರಣೆ ಮತ್ತು ಆಸರೆಗಳನ್ನು ಹೊಂದಿಸಿಕೊಳ್ಳುವುದು

ಎರಡು ಟನ್ನಿನ ಒಂದು ಹೈಡ್ರಾಲಿಕ್ ಬಾಟಲ್ ಜಾಕ್, 4 ಇಂಚು ಅಗಲ 2 ಇಂಚು ದಪ್ಪದ ಒಂದು ಮರದ ತುಂಡು, ಜಾಕ್‌ನ ಕೆಳಗೆ ಮತ್ತು ಪಕ್ಕದಲ್ಲಿ ಅಡ್ಡ-ಉದ್ದವಾಗಿ ಪೇರಿಸಲು ಸಾಕಷ್ಟು ಮರದ ದಿಮ್ಮಿ, ನೆಲವನ್ನು ಕಾಪಾಡಲು 18 ಮಿ.ಮೀ. ಪ್ಲೈವುಡ್ ತುಂಡುಗಳು, ಬೋಲ್ಟಿಗೆ ಹೊಂದುವ ಸ್ಪ್ಯಾನರ್, ಟಾರ್ಚು, ಒಂದು ಉದ್ದನೆಯ ರಸಮಟ್ಟ. ಕಾರಿನ ಜೊತೆ ಬರುವ ಕತ್ತರಿ ಜಾಕ್ ಭಾರ ತಡೆದರೂ ಅದರ ತಲೆ ಕಿರಿದಾಗಿ ಪಕ್ಕಕ್ಕೆ ವಾಲುವುದರಿಂದ ಈ ಕೆಲಸಕ್ಕೆ ಅದನ್ನು ಒಪ್ಪಲಾರೆ. ಜಾಕ್ ಪೇರಿಕೆಗೆ ಇಟ್ಟಿಗೆ, ಸಿಮೆಂಟ್ ಬ್ಲಾಕ್ ಬಳಸಲೇಬಾರದು. ಅವು ಒಂದು ಅಂಚಿನಲ್ಲಿ ಭಾರ ಬಿದ್ದ ಕೂಡಲೇ ಸಿಡಿಯುತ್ತವೆ.

ಮಟ್ಟ ನೋಡುವ ಉಪಕರಣದ ಬಗ್ಗೆ ಒಂದು ಮಾತು. ಮೊಬೈಲ್‌ನ ಲೆವೆಲ್ ಆ್ಯಪ್ 0.1 ಡಿಗ್ರಿ ತಪ್ಪಿದರೂ 8 ಅಡಿ ಟೇಬಲ್‌ನ 224 ಸೆಂಟಿಮೀಟರ್ ಉದ್ದದ ಆಟದ ಹಾಸಿನಲ್ಲಿ ಅದು ಸುಮಾರು 4 ಮಿ.ಮೀ. ಏರುಪೇರಾಗುತ್ತದೆ. ಗಾರೆಯವರ ರಸಮಟ್ಟ ಇದಕ್ಕಿಂತ ಮೇಲು, ಆದರೂ ಮೀಟರಿಗೆ ಅರ್ಧದಿಂದ ಒಂದು ಮಿ.ಮೀ.ವರೆಗೆ ತಪ್ಪಬಹುದು. ಸ್ಪರ್ಧೆಯ ಟೇಬಲ್‌ನ ಸ್ಲೇಟಿನಲ್ಲಿ ಒಪ್ಪುವ ಏರಿಳಿತ ಉದ್ದಕ್ಕೆ ಸುಮಾರು ಅರ್ಧ ಮಿ.ಮೀ., ಅಗಲಕ್ಕೆ ಅದರ ಅರ್ಧ. ಅಷ್ಟು ನಿಖರತೆಗೆ ಲೇತ್ ಮೆಷಿನ್ ಕೂರಿಸುವಾಗ ಬಳಸುವ ಮೆಷಿನಿಸ್ಟ್ ಲೆವೆಲ್ ಬೇಕು. ಅದು ಮೀಟರಿಗೆ 0.02 ರಿಂದ 0.05 ಮಿ.ಮೀ. ವ್ಯತ್ಯಾಸವನ್ನೂ ತೋರಿಸುತ್ತದೆ. ಅಂತರಸನಹಳ್ಳಿ, ಹಿರೇಹಳ್ಳಿ ಕೈಗಾರಿಕಾ ಪ್ರದೇಶಗಳ ಮೆಷಿನ್ ಶಾಪುಗಳಲ್ಲಿ ಯಾರಾದರೂ ಪರಿಚಯವಿದ್ದರೆ ಒಂದು ದಿನಕ್ಕೆ ಕೇಳಿ ತರುವುದು ಲೇಸು, ಕೊಳ್ಳುವ ಅಗತ್ಯವಿಲ್ಲ.

ಆಸರೆಗೆ ಯಾವ ವಸ್ತು ಎಂಬುದು ಎಷ್ಟು ಏರಿಸಬೇಕು ಎಂಬುದನ್ನು ಅವಲಂಬಿಸಿದೆ. ಐದಾರು ಮಿ.ಮೀ.ವರೆಗಾದರೆ ಎಂ.ಎಸ್. (ಮೈಲ್ಡ್ ಸ್ಟೀಲ್) ತಗಡಿನ ಚೌಕಗಳೇ ಸಾಕು. ಅಲ್ಲಿಂದ ಒಂದು ಇಂಚಿನವರೆಗೆ ತೇಗ, ಹೊನ್ನೆ, ಜಾಲಿಯಂಥ ಗಟ್ಟಿ ಮರದ ಹಲಗೆ ತುಂಡುಗಳು ಒಳ್ಳೆಯವು. ನಾಲ್ಕನ್ನೂ ಒಂದೇ ಹಲಗೆಯಿಂದ ಕತ್ತರಿಸಿ, ಸಾಮಿಲ್ಲಿನಲ್ಲಿ ಒಂದೇ ಸಲಕ್ಕೆ ಪ್ಲೇನ್ ಮಾಡಿಸಿದರೆ ದಪ್ಪದಲ್ಲಿ ವ್ಯತ್ಯಾಸ ಬರುವುದಿಲ್ಲ. ಬೇರೆ ಬೇರೆ ತುಂಡುಗಳನ್ನು ಆರಿಸಿ ತಂದು ಉಜ್ಜಿ ಸಮ ಮಾಡುತ್ತೇನೆಂದರೆ ಅದು ಮುಗಿಯದ ಕೆಲಸ. ತುಂಡು ಕಾಲಿನ ಪಾದಕ್ಕಿಂತ ಪ್ರತಿ ಬದಿಗೂ ಕನಿಷ್ಠ ಒಂದು ಇಂಚು ಅಗಲವಾಗಿರಲಿ. ಒಂದು ಇಂಚು ಮೀರಿದರೆ ಬಿಡಿ ತುಂಡುಗಳನ್ನು ನಂಬಬಾರದು: ಪಾದ ಕೂರುವಷ್ಟು ಗುಳಿ ತೋಡಿದ ದಪ್ಪ ದಿಮ್ಮಿಗಳನ್ನು ಬಡಗಿಯಿಂದ ಮಾಡಿಸಿ, ಯಾರಾದರೂ ಟೇಬಲಿಗೆ ಒರಗಿ ತಳ್ಳಿದರೂ ಕಾಲು ಜಾರದಂತೆ ನೋಡಿಕೊಳ್ಳಬೇಕು. ಎರಡು ಇಂಚು ಮೀರಿ ಏರಿಸಬೇಕಾದವರು ಹೊಸ ಕಾಲುಗಳನ್ನೇ ಮಾಡಿಸಲಿ.

ಬಳಸಬಾರದ್ದರ ಪಟ್ಟಿ ಇನ್ನೂ ಉದ್ದ. ಮಡಿಸಿದ ರಟ್ಟು, ತೆಂಗಿನ ನಾರಿನ ಮ್ಯಾಟು, ಮೆತ್ತನೆಯ ರಬ್ಬರು, ಕಾರ್ಪೆಟ್ ಚೂರುಗಳು ಭಾರಕ್ಕೆ ದಿನದಿನವೂ ಕುಗ್ಗುತ್ತಾ ಹೋಗುತ್ತವೆ. ಎಂ.ಡಿ.ಎಫ್. ಮತ್ತು ಪಾರ್ಟಿಕಲ್ ಬೋರ್ಡು ನೆಲ ಒರೆಸಿದ ನೀರನ್ನು ಹೀರಿ ಉಬ್ಬುತ್ತವೆ. ಟೈಲ್ಸ್ ಚೂರು ಸೀಳುತ್ತದೆ. ಮರದ ಆಸರೆಯ ತಳಕ್ಕೆ ಗೆದ್ದಲಿನ ಔಷಧಿ ಹಚ್ಚಿ ಒಣಗಿಸುವುದನ್ನು ಮರೆಯಬೇಡಿ, ವಿಶೇಷವಾಗಿ ನೆಲಮಹಡಿಯಲ್ಲಿ.

ಹಂತ 5: ಟೇಬಲನ್ನು ಎತ್ತಿ ಆಸರೆ ಕೂರಿಸುವುದು

ಈ ಹಂತಕ್ಕೆ ಇಬ್ಬರು ಬೇಕು: ಒಬ್ಬರು ಜಾಕ್ ಹಾಕುವವರು, ಇನ್ನೊಬ್ಬರು ಕಾಲಿನ ಕಡೆ ಕಣ್ಣಿಟ್ಟು ನಿಲ್ಲಿಸಿ ಎಂದು ಹೇಳುವವರು. ಮಕ್ಕಳನ್ನು ಕೋಣೆಯಿಂದ ಹೊರಗೆ ಕಳುಹಿಸಿ. ಪಾಕೆಟ್ಟು ಮತ್ತು ಒಳದಾರಿಯಲ್ಲಿರುವ ಚೆಂಡುಗಳನ್ನೆಲ್ಲ ತೆಗೆಯಿರಿ.

ಜಾಕ್ ಎಲ್ಲಿ ಮುಟ್ಟಬೇಕೆಂಬುದರಲ್ಲಿ ರಾಜಿ ಇಲ್ಲ. ಟೇಬಲ್‌ನ ಕೆಳಗೆ ಮಲಗಿ ಟಾರ್ಚು ಹಾಕಿ ನೋಡಿದರೆ ಎರಡು ಉದ್ದ ತೊಲೆಗಳೂ ಅವುಗಳನ್ನು ತುದಿಗಳಲ್ಲಿ ಕೂಡಿಸುವ ಅಡ್ಡತೊಲೆಗಳೂ ಕಾಣುತ್ತವೆ. ಎತ್ತಬೇಕಾದದ್ದು ತುದಿಯ ಅಡ್ಡತೊಲೆಯ ನಡುಮಧ್ಯದಲ್ಲಿ. ಸ್ಲೇಟಿನ ಅಂಚು, ರೈಲು, ಹೊರಗೆ ಅಂದಕ್ಕಾಗಿ ಹೊಡೆದ ಪಟ್ಟಿ, ಚೆಂಡು ಹರಿಯುವ ದೋಣಿ, ಇವುಗಳಲ್ಲಿ ಯಾವುದಕ್ಕೂ ಜಾಕ್ ತಾಗಬಾರದು. ನಡುವಿನಲ್ಲಿ ಒಂದೇ ಜಾಕ್ ಏಕೆಂದರೆ, ಆಗ ಟೇಬಲ್ ಆಚೆ ತುದಿಯ ಎರಡು ಕಾಲು ಮತ್ತು ಈ ಜಾಕ್ ಹೀಗೆ ಮೂರು ಬಿಂದುಗಳ ಮೇಲೆ ನಿಂತು ಫ್ರೇಮು ತಿರುಚಿಕೊಳ್ಳುವುದಿಲ್ಲ. ಎರಡು ಮೂಲೆಗೂ ಎರಡು ಜಾಕ್ ಕೊಟ್ಟು ಒಂದು ಬೇಗ ಒಂದು ನಿಧಾನ ಏರಿಸಿದರೆ ಮೂರು ತುಂಡಿನ ಸ್ಲೇಟಿನ ಸೇರುವೆಯಲ್ಲಿ ತುಂಬಿದ ಮೇಣ ಬಿರಿಯುತ್ತದೆ. ಅಡ್ಡತೊಲೆ ಇಲ್ಲದ ವಿನ್ಯಾಸವಾದರೆ ಎರಡು ಉದ್ದ ತೊಲೆಗಳ ಕೆಳಗೆ ಅಡ್ಡಲಾಗಿ ಒಂದು ಗಟ್ಟಿ ತೊಲೆಯನ್ನು ತಾತ್ಕಾಲಿಕವಾಗಿ ಹಿಡಿಸಿ ಅದರ ಮಧ್ಯಕ್ಕೆ ಜಾಕ್ ಕೊಡಬಹುದು.

ನೆಲದ ಮೇಲೆ ಪ್ಲೈವುಡ್, ಅದರ ಮೇಲೆ ದಿಮ್ಮಿಗಳ ಪೇರಿಕೆ, ಅದರ ಮೇಲೆ ಜಾಕ್, ಜಾಕ್‌ನ ತಲೆಗೂ ತೊಲೆಗೂ ನಡುವೆ ಮರದ ತುಂಡು. ಜಾಕ್ ತಾಗಿ ಭಾರ ಹಿಡಿಯುವ ಹೊತ್ತಿಗೆ ಒಮ್ಮೆ ನಿಲ್ಲಿಸಿ ಪೇರಿಕೆ ನೇರವಾಗಿದೆಯೇ ನೋಡಿ. ಬಳಿಕ ಕಾಲು ನೆಲ ಬಿಟ್ಟು, ಆಸರೆ ತೂರುವಷ್ಟು ಮಾತ್ರ ಎತ್ತಿ. ಒಂದು ಸಲಕ್ಕೆ ಒಂದು ಇಂಚಿಗಿಂತ ಹೆಚ್ಚು ಎತ್ತಬೇಡಿ; ಹೆಚ್ಚು ಎತ್ತಿದರೆ ಆಚೆ ತುದಿಯ ಕಾಲುಗಳು ವಾಲಿ ಅವುಗಳ ಬೋಲ್ಟಿನ ಬುಡ ಸೀಳಬಹುದು. ಎರಡು ಇಂಚು ಏರಿಸಬೇಕಿದ್ದರೆ ಈ ತುದಿ ಒಂದಿಂಚು, ಆ ತುದಿ ಒಂದಿಂಚು, ಮತ್ತೆ ಈ ತುದಿ ಎಂದು ಸರದಿಯಲ್ಲಿ ಹೋಗಬೇಕು. ಎತ್ತಿದಷ್ಟಕ್ಕೂ ಜಾಕ್‌ನ ಎರಡು ಪಕ್ಕದಲ್ಲಿ ದಿಮ್ಮಿ ಪೇರಿಸುತ್ತಾ ಬನ್ನಿ, ಜಾಕ್ ಜಾರಿದರೂ ಟೇಬಲ್ ಅದರ ಮೇಲೆ ನಿಲ್ಲಬೇಕು.

ಕಾಲಿನ ಕೆಳಗೆ ಕೈ ಹಾಕಬಾರದು. ಆಸರೆಯನ್ನು ಒಂದು ಕೋಲಿನಿಂದ ತಳ್ಳಿ ಕೂರಿಸಿ. ಕಾಲು ಗಾಳಿಯಲ್ಲಿರುವಾಗಲೇ ಅದನ್ನು ಫ್ರೇಮಿಗೆ ಹಿಡಿದಿರುವ ಬೋಲ್ಟನ್ನು ಬಿಗಿ ಮಾಡಿ, ಲೆವೆಲಿಂಗ್ ಬೋಲ್ಟನ್ನು ಐದಾರು ಮಿ.ಮೀ. ಹೊರಗೆ ಬಿಟ್ಟು ನಾಲ್ಕು ಕಾಲಿಗೂ ಸಮ ಮಾಡಿ. ಹೀಗೆ ಎರಡೂ ಕಡೆಗೆ ಅವಕಾಶ ಇಟ್ಟುಕೊಂಡರೆ ಮುಂದಿನ ಹಂತದಲ್ಲಿ ಏರಿಸಲೂಬಹುದು, ಇಳಿಸಲೂಬಹುದು. ಬೋಲ್ಟಿನ ತುದಿ ಮರಕ್ಕೆ ಕೊರೆಯದಂತೆ ಅದರ ಕೆಳಗೆ ಒಂದು ತಗಡಿನ ಚೂರು ಇರಲಿ. ಜಾಕ್ ಇಳಿಸುವಾಗ ವಾಲ್ವನ್ನು ಒಂದೇ ಸಲ ತೆರೆಯದೆ ಕಾಲುಭಾಗ ತಿರುವಿ ನಿಧಾನವಾಗಿ ಬಿಡಿ.

ಆರು ಅಥವಾ ಎಂಟು ಕಾಲಿನ ಟೇಬಲ್‌ಗಳಲ್ಲಿ ಮೂಲೆಯ ನಾಲ್ಕು ಕಾಲುಗಳ ಕೆಲಸ ಮುಗಿಯುವವರೆಗೆ ನಡುಗಾಲುಗಳನ್ನು ಬೋಲ್ಟು ತಿರುಗಿಸಿ ನೆಲದಿಂದ ಬಿಡಿಸಿ ಇಡಬೇಕು. ಕೊನೆಗೆ ಅವು ನೆಲಕ್ಕೆ ತಾಗುವಷ್ಟು ಮಾತ್ರ ಇಳಿಸಬೇಕು. ಹೆಚ್ಚು ಒತ್ತಿದರೆ ಹಾಸು ನಡುವಿನಲ್ಲಿ ಉಬ್ಬುತ್ತದೆ.

ಹಂತ 6: ಮಟ್ಟ ಹೊಂದಿಸುವುದು

ಮೊದಲು ಉಪಕರಣವನ್ನೇ ಪರೀಕ್ಷಿಸಿ: ರಸಮಟ್ಟವನ್ನು ಹಾಸಿನ ಮೇಲಿಟ್ಟು ಗುಳ್ಳೆಯ ಜಾಗ ನೋಡಿ, ಅದೇ ಜಾಗದಲ್ಲಿ ತುದಿ ಬದಲಿಸಿ ಇಡಿ. ಗುಳ್ಳೆ ಅದೇ ಗೋಡೆಯ ಕಡೆಗೆ ಅಷ್ಟೇ ಸರಿದಿದ್ದರೆ ರಸಮಟ್ಟ ಸರಿಯಾಗಿದೆ. ತುದಿಯ ಜೊತೆಗೆ ಗುಳ್ಳೆಯೂ ದಿಕ್ಕು ಬದಲಿಸಿದರೆ ದೋಷ ರಸಮಟ್ಟದ್ದು. ಹಾಸಿನ ಮೇಲಿನ ಚಾಕ್ ಪುಡಿಯನ್ನು ಬ್ರಷ್ಷಿನಿಂದ ತೆಗೆದಿರಬೇಕು.

ಕ್ರಮ ಹೀಗಿರಲಿ: ಮೊದಲು ಹಾಸಿನ ನಡುಮಧ್ಯದಲ್ಲಿ ಉದ್ದಕ್ಕೆ, ಆಮೇಲೆ ಒಂದು ತುದಿಯಲ್ಲಿ ಅಗಲಕ್ಕೆ, ಮತ್ತೊಂದು ತುದಿಯಲ್ಲಿ ಅಗಲಕ್ಕೆ, ಕೊನೆಗೆ ಮತ್ತೆ ನಡುವಿನಲ್ಲಿ. ಉದ್ದಕ್ಕೆ ತಪ್ಪಿದ್ದರೆ ತಗ್ಗಿದ ತುದಿಯ ಎರಡೂ ಬೋಲ್ಟುಗಳನ್ನು ಒಂದೇ ಸಮ ತಿರುಗಿಸಬೇಕು. ಒಂದನ್ನು ಮಾತ್ರ ತಿರುಗಿಸಿದರೆ ಫ್ರೇಮು ತಿರುಚುತ್ತದೆ. ಎಂ 12, ಅಂದರೆ 12 ಮಿ.ಮೀ. ದಪ್ಪದ, ಬೋಲ್ಟು ಒಂದು ಸುತ್ತಿಗೆ 1.75 ಮಿ.ಮೀ., ಎಂ 10 ಬೋಲ್ಟು 1.5 ಮಿ.ಮೀ., ಎಂ 16 ಬೋಲ್ಟು 2 ಮಿ.ಮೀ. ಏರುತ್ತದೆ. ಈ ಲೆಕ್ಕ ತಿಳಿದಿದ್ದರೆ ಅಂದಾಜಿನ ಕೆಲಸ ತಪ್ಪುತ್ತದೆ: ತುದಿ 1 ಮಿ.ಮೀ. ತಗ್ಗಿದ್ದರೆ ಎಂ 12 ಬೋಲ್ಟಿಗೆ ಅರ್ಧ ಸುತ್ತಿಗಿಂತ ಸ್ವಲ್ಪ ಹೆಚ್ಚು ಸಾಕು. ಬೋಲ್ಟಿನಿಂದಲೇ ಒಂದು ಇಂಚು ಏರಿಸಲು ಹೊರಟರೆ ಪ್ರತಿ ಕಾಲಿಗೂ ಹದಿನಾಲ್ಕೂವರೆ ಸುತ್ತು ಬೇಕಾಗುತ್ತದೆ ಮತ್ತು ಎಳೆಯಲ್ಲಿ ಹಿಡಿತವೇ ಉಳಿಯದಿರಬಹುದು ಎಂಬುದೂ ಇದರಿಂದ ಗೊತ್ತಾಗುತ್ತದೆ. ಬೋಲ್ಟಿನ ದಪ್ಪದ ಒಂದೂವರೆ ಪಟ್ಟು ಉದ್ದ, ಅಂದರೆ ಎಂ 12 ಆದರೆ 18 ಮಿ.ಮೀ., ಯಾವಾಗಲೂ ಒಳಗೆ ಹಿಡಿದಿರಬೇಕು.

ಬೋಲ್ಟಿನ ಮೇಲೆ ಭಾರವಿರುವಾಗ ಸ್ಪ್ಯಾನರ್‌ಗೆ ಪೈಪು ಸಿಕ್ಕಿಸಿ ತಿರುಗಿಸಬೇಡಿ, ಕಾಲಿನ ಒಳಗಿನ ಎಳೆ ಕಿತ್ತುಬರುತ್ತದೆ. ಜಾಕ್‌ನಿಂದ ಒಂದಿಷ್ಟು ಭಾರ ಇಳಿಸಿಕೊಂಡು ಕೈಯಲ್ಲೇ ತಿರುಗಿಸಿ, ಮತ್ತೆ ಬಿಟ್ಟು ನೋಡಿ. ಪ್ರತಿ ಬದಲಾವಣೆಯ ನಂತರ ಹತ್ತು ನಿಮಿಷ ಟೇಬಲ್ ಕೂತುಕೊಳ್ಳಲು ಬಿಡಬೇಕು, ಏಕೆಂದರೆ ಮರ ತಕ್ಷಣ ಇಳಿಯುವುದಿಲ್ಲ. ಮಟ್ಟ ಸಿಕ್ಕ ಮೇಲೆ ಲಾಕ್ ನಟ್ ಬಿಗಿ ಮಾಡುವಾಗ ಬೋಲ್ಟು ಜೊತೆಗೇ ಸುತ್ತದಂತೆ ಇನ್ನೊಂದು ಸ್ಪ್ಯಾನರಿನಿಂದ ಹಿಡಿದುಕೊಳ್ಳಿ. ಬೋಲ್ಟೇ ಇಲ್ಲದ ಹಳೆಯ ಟೇಬಲ್‌ಗಳಲ್ಲಿ ಈ ಕೊನೆಯ ಹೊಂದಾಣಿಕೆಯನ್ನು ತೆಳು ತಗಡಿನ ಪದರಗಳಿಂದ ಮಾಡಬೇಕು. ಮರದ ಬೆಣೆ ಹೊಡೆದರೆ ಒಂದು ಅಂಚಿಗೆ ಮಾತ್ರ ಆಸರೆ ಸಿಕ್ಕಿ ಕಾಲು ವಾಲುತ್ತದೆ.

ಹಂತ 7: ಚೆಂಡು ಉರುಳಿಸಿ ನೋಡುವುದು

ದಪ್ಪ ಕಾಗದವನ್ನು ಉದ್ದಕ್ಕೆ ಮಡಿಸಿ ಜಾರುಹಲಗೆ ಮಾಡಿಕೊಂಡು, ಒಂದೇ ಎತ್ತರದಿಂದ ಚೆಂಡನ್ನು ನಿಧಾನವಾಗಿ ಬಿಡಿ. ಅದು ಆಚೆ ಕುಶನ್ನಿನ ಹತ್ತಿರ ಸತ್ತು ನಿಲ್ಲುವಷ್ಟೇ ವೇಗವಿರಲಿ. ದಾರಿ ತಪ್ಪುವುದು ಕೊನೆಯ ಒಂದೆರಡು ಅಡಿಯಲ್ಲಿ ಕಾಣುತ್ತದೆ. ಉದ್ದಕ್ಕೆ ಎರಡೂ ದಿಕ್ಕಿನಿಂದ, ರೈಲಿನ ಪಕ್ಕದಲ್ಲಿ, ನಡುವಿನಲ್ಲಿ, ಹೀಗೆ ಹಲವು ಸಾಲುಗಳಲ್ಲಿ ಬಿಡಿ. ಎರಡೂ ದಿಕ್ಕಿನಿಂದ ಬಿಟ್ಟರೂ ಚೆಂಡು ಕಿಟಕಿಯ ಕಡೆಗೇ ಸರಿದರೆ ಆ ಬದಿ ತಗ್ಗಿದೆ. ಆ ಕಡೆಯಿಂದ ಬಿಟ್ಟಾಗ ಮಾತ್ರ ಸರಿದು ಈ ಕಡೆಯಿಂದ ನೇರ ಬಂದರೆ ದೋಷ ಬಟ್ಟೆಯದ್ದೋ ಚೆಂಡಿನದ್ದೋ ಆಗಿರುತ್ತದೆ: ಸ್ನೂಕರ್ ರೀತಿಯ ನವಿರು ಕೂದಲಿನ ಬಟ್ಟೆಯಲ್ಲಿ ಕೂದಲಿಗೆ ಎದುರಾಗಿ ನಿಧಾನ ಉರುಳುವ ಚೆಂಡು ಓರೆಯಾಗುವುದು ಸಹಜ. ಅದಕ್ಕಾಗಿ ಕಾಲು ಮುಟ್ಟಬಾರದು. ಅಡ್ಡಸೇರುವೆಯ ಮೇಲೆ ಹಾಯುವಾಗ ಚೆಂಡು ಸಣ್ಣಗೆ ಟಕ್ಕೆಂದರೆ ಸ್ಲೇಟಿನ ತುಂಡುಗಳು ಏರುಪೇರಾಗಿವೆ. ಅದಕ್ಕೆ ಬಟ್ಟೆ ಬಿಚ್ಚಿ ಮೇಣ ತೆಗೆದು ಹೊಸದಾಗಿ ಕೂರಿಸುವ ಕುಶಲಕರ್ಮಿಯೇ ಬೇಕು.

ಎತ್ತರ ಬದಲಾದ ಮೇಲೆ ತೂಗುದೀಪವನ್ನೂ ನೋಡಿ. ಸರಿಸಬಹುದಾದ ದೀಪ ಹಾಸಿನಿಂದ ಕನಿಷ್ಠ 40 ಇಂಚು, ಸರಿಸಲಾಗದ ದೀಪ 65 ಇಂಚು ಮೇಲಿರಬೇಕೆಂಬುದು ಸ್ಪರ್ಧೆಯ ನಿಯಮ. ಟೇಬಲ್ ಏರಿದಷ್ಟು ದೀಪವನ್ನೂ ಏರಿಸಿದರಾಯಿತು.

ಟೇಬಲ್ ತಗ್ಗಿಸಲೇಬೇಕಾದಾಗ

ಶೂ ಹಾಕಿ ನೋಡಿದ ಮೇಲೂ ಹಾಸು 31 ಇಂಚು ಮೀರಿದೆ ಎಂದಾದರೆ, ಮೊದಲು ಹಿಂದಿನವರು ಕಾಲಿನ ಕೆಳಗೆ ತುಂಬಿದ್ದನ್ನು ತೆಗೆಯಿರಿ, ಬಳಿಕ ಬೋಲ್ಟುಗಳನ್ನು ಒಳಗೆ ತಿರುಗಿಸಿ. ಕಾಲು ಕತ್ತರಿಸುವುದು ಕಟ್ಟಕಡೆಯ ದಾರಿ, ಮತ್ತು ಟೇಬಲ್ ನಿಂತಿರುವಾಗಲೇ ಗರಗಸ ಹಾಕುವುದು ದಾರಿಯೇ ಅಲ್ಲ. ಸ್ಲೇಟ್ ಇಳಿಸಿ, ಕಾಲುಗಳನ್ನು ಬಿಚ್ಚಿ, ಫ್ರೇಮಿಗೆ ಕೂರುವ ಮೇಲ್ತುದಿಯಿಂದ ಅಳತೆ ಹಿಡಿದು ಗುರುತು ಹಾಕಬೇಕು. ಸವೆದ ಕೆಳತುದಿಯಿಂದ ಅಳೆದರೆ ನಾಲ್ಕೂ ಬೇರೆ ಬೇರೆ ಆಗುತ್ತವೆ. ಬೋಲ್ಟು ಕೂರುವ ಲೋಹದ ಕೊಳವೆ ಎಷ್ಟು ಆಳವಿದೆಯೆಂದು ಮೊದಲು ನೋಡಿ, ಕತ್ತರಿಸಿದ ಮೇಲೆ ಹೊಸ ಕೊಳವೆ ಹಾಕಲು ಗಟ್ಟಿ ಮರ ಉಳಿಯಬೇಕು. ಬೇಕಾದ್ದಕ್ಕಿಂತ 3 ಮಿ.ಮೀ. ಉದ್ದವಾಗಿಯೇ ಬಿಟ್ಟು, ಸಾಮಿಲ್ಲಿನಲ್ಲಿ ತಡೆಪಟ್ಟಿ ಕಟ್ಟಿ ನಾಲ್ಕನ್ನೂ ಒಂದೇ ಅಳತೆಗೆ ಕತ್ತರಿಸಿ. ನೆಲದ ವಾಟಕ್ಕೆ ಹೊಂದಿಸಿ ಒಂದೊಂದು ಕಾಲನ್ನು ಒಂದೊಂದು ಉದ್ದಕ್ಕೆ ಕತ್ತರಿಸಿದರೆ ಆ ಟೇಬಲನ್ನು ಮುಂದೆ ಇನ್ನೊಂದು ಕೋಣೆಗೆ ಒಯ್ಯುವಂತಿಲ್ಲ.

ಕೆಲಸ ನಿಲ್ಲಿಸಬೇಕಾದ ಸೂಚನೆಗಳು

ಎತ್ತುವಾಗ ಸ್ಲೇಟಿನ ಕಡೆಯಿಂದ ಕಿರ್ರೆಂಬ ಅಥವಾ ಚಟ್ಟೆಂಬ ಶಬ್ದ ಬಂದರೆ, ಬಟ್ಟೆಯ ಮೇಲೆ ಅಡ್ಡಲಾಗಿ ಹೊಸ ಗೆರೆ ಅಥವಾ ಸುಕ್ಕು ಕಂಡರೆ, ಕಾಲಿಗೂ ಫ್ರೇಮಿಗೂ ನಡುವೆ ಒಂದು ಬದಿಗೆ ಸಂದು ತೆರೆದರೆ, ಬೋಲ್ಟು ಓರೆಯಾದರೆ, ಜಾಕ್‌ನ ಬುಡದಲ್ಲಿ ಎಣ್ಣೆ ಜಿನುಗಿದರೆ, ಟೈಲ್ಸು ಬಿರಿದ ಸದ್ದು ಕೇಳಿದರೆ, ಅದೇ ಜಾಗದಲ್ಲಿ ದಿಮ್ಮಿಗಳ ಮೇಲೆ ಭಾರ ಇಳಿಸಿ ಕೆಲಸ ನಿಲ್ಲಿಸಿ. ಇನ್ನೊಂದೇ ಸುತ್ತು ಎಂದು ಮುಂದುವರಿದವರು ಸ್ಲೇಟ್ ಬದಲಿಸುವ ಖರ್ಚಿಗೆ ಸಿಲುಕುತ್ತಾರೆ.

ಹಂತ 8: ಮರುಪರೀಕ್ಷೆ

ಹೊಸ ಆಸರೆಗಳು ಭಾರಕ್ಕೆ ಹೊಂದಿಕೊಳ್ಳಲು ಕೆಲವು ದಿನ ಬೇಕು. ಒಂದು ವಾರದ ನಂತರ ಮಟ್ಟವನ್ನೂ ಲಾಕ್ ನಟ್‌ಗಳನ್ನೂ ನೋಡಿ, ತಿಂಗಳ ನಂತರ ಮತ್ತೊಮ್ಮೆ ನೋಡಿ. ಸಾಮಾನ್ಯವಾಗಿ ಬೋಲ್ಟಿಗೆ ಕಾಲು ಸುತ್ತಿನಷ್ಟು ತಿದ್ದುಪಡಿ ಬೇಕಾಗುತ್ತದೆ. ಅಲ್ಲಿಂದ ಮುಂದೆ ವರ್ಷಕ್ಕೆ ಎರಡು ಸಲ ಸಾಕು: ಮಾರ್ಚ್-ಏಪ್ರಿಲ್‌ನ ಒಣ ಬಿಸಿಲಿಗೆ ಮರ ಕುಗ್ಗಿದ ಮೇಲೆ ಒಮ್ಮೆ, ಮಳೆಗಾಲದ ತೇವಕ್ಕೆ ಹಿಗ್ಗಿದ ಮೇಲೆ ಒಮ್ಮೆ. ಪ್ರತಿ ಸಲವೂ ನಾಲ್ಕು ಮೂಲೆಗಳ ಎತ್ತರವನ್ನು ದಿನಾಂಕದೊಂದಿಗೆ ಬರೆದ ಚೀಟಿಯನ್ನು ಫ್ರೇಮಿನ ಒಳಬದಿಗೆ ಅಂಟಿಸಿಡಿ. ಒಂದೇ ಮೂಲೆ ಪದೇ ಪದೇ ಇಳಿಯುತ್ತಿದ್ದರೆ ಬೋಲ್ಟು ತಿರುಗಿಸುತ್ತಾ ಹೋಗದೆ ಆ ಕಾಲಿನ ಆಸರೆಯನ್ನು ಹೊರತೆಗೆದು ಗೆದ್ದಲು, ತೇವ, ಟೊಳ್ಳು ಟೈಲ್ಸು ಇವುಗಳಲ್ಲಿ ಯಾವುದು ಕಾರಣವೆಂದು ನೋಡಬೇಕು.